ಹರಿಕೇನ್: ಪದದ ತವರು ಸ್ಪೇನ್ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ಬಂದ ಹವಾಮಾನ ಕುರಿತ ಕಿರುಬರಹವೊಂದರಲ್ಲಿ, ಅಮೆರಿಕದ ಕರಾವಳಿಗೆ ಅಪ್ಪಳಿಸುವ ಚಂಡಮಾರುತದ ‘ಹರಿಕೇನ್’ ಎಂಬ ಹೆಸರು ಸ್ಪ್ಯಾನಿಷ್ ಭಾಷೆಯದೆಂದು ಹೇಳಲಾಗಿದೆ. ಇಂಗ್ಲಿಷಿನವರು ಅದನ್ನು ಸ್ಪ್ಯಾನಿಷಿನಿಂದ ಪಡೆದರೆಂಬುದು ನಿಜವೇ. ಆದರೆ ಸ್ಪೇನಿನವರ ಬಾಯಿಗೆ ಅದು ಬಂದದ್ದು ಕ್ಯೂಬಾ, ಹಿಸ್ಪಾನಿಯೋಲ, ಪೋರ್ಟೊರಿಕೊ, ಜಮೈಕಾ ದ್ವೀಪಗಳಲ್ಲಿ ಕೊಲಂಬಸ್ ಬರುವ ಮೊದಲೇ ನೆಲೆಸಿದ್ದ ತೈನೊ ಜನರಿಂದ. ಅವರ ‘ಹುರಕಾನ್’ ಸ್ಪ್ಯಾನಿಷಿನಲ್ಲಿ ‘ಉರಕಾನ್’ ಆಗಿ, ಅಲ್ಲಿಂದ ಯುರೋಪಿನ ಇತರ ಭಾಷೆಗಳಿಗೆ ಹರಡಿತು. ಸ್ಪೇನಿನ ನಾವಿಕರಿಗೆ ತಮ್ಮ ಕಡಲಿನಲ್ಲಿ ಅಂಥ ಗಾಳಿಯ ಪರಿಚಯವಿರಲಿಲ್ಲ. ಆದ್ದರಿಂದ ಅದಕ್ಕೆ ಹೆಸರೂ ಇರಲಿಲ್ಲ.

ಇದು ಊಹೆಯ ಮಾತಲ್ಲ. ಸ್ಪೇನಿನ ಆಸ್ಥಾನದಲ್ಲಿದ್ದುಕೊಂಡು ಹೊಸ ನಾಡಿನ ಸುದ್ದಿಗಳನ್ನು ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಪೀಟರ್ ಮಾರ್ಟರ್, ಗ್ರೀಕರು ಟೈಫೋನ್ ಎನ್ನುವ ಬಿರುಗಾಳಿಯನ್ನು ಆ ದ್ವೀಪದವರು ‘ಫುರಕಾನ್’ ಎನ್ನುತ್ತಾರೆಂದು 16ನೇ ಶತಮಾನದ ಆರಂಭದಲ್ಲೇ ದಾಖಲಿಸಿದ್ದಾನೆ. ರಿಚರ್ಡ್ ಈಡನ್ 1555ರಲ್ಲಿ ಅದನ್ನು ಅನುವಾದಿಸಿದಾಗ ಪದ ಇಂಗ್ಲಿಷಿಗೆ ಕಾಲಿಟ್ಟಿತು. ಇದು ಮಾಯಾ ಜನರ ದೇವರ ಹೆಸರೆಂಬ ಇನ್ನೊಂದು ಮಾತೂ ಅಲ್ಲಲ್ಲಿ ಕೇಳಿಬರುತ್ತದೆ. ಗ್ವಾಟೆಮಾಲಾದ ಕಿಚೆ ಮಾಯಾ ಜನರ ಪುರಾಣದಲ್ಲಿ ‘ಒಂಟಿಕಾಲಿನವನು’ ಎಂಬ ಅರ್ಥ ಬರುವ ‘ಹುರಕಾನ್’ ಎಂಬ ದೇವರಿದ್ದಾನೆ, ಹೌದು. ಆದರೆ ಸ್ಪೇನಿನ ದಂಡು ಕಿಚೆ ಸೀಮೆಯನ್ನು ಹೊಕ್ಕದ್ದು 1524ರಲ್ಲಿ. ಅಷ್ಟು ಹೊತ್ತಿಗೆ ಮಾರ್ಟರನ ಪುಸ್ತಕದ ಮೂಲಕ ದ್ವೀಪದವರ ಪದ ಯುರೋಪಿನಲ್ಲಿ ಅಚ್ಚಾಗಿ ಓದಿಸಿಕೊಂಡಿತ್ತು.

ಆ ಜನ ಗಾಳಿಯನ್ನು ಹೇಗೆ ಕಂಡಿದ್ದರೆಂಬುದಕ್ಕೂ ಒಂದು ದಾಖಲೆಯಿದೆ. ಕೊಲಂಬಸನ ಎರಡನೆಯ ಯಾನದಲ್ಲಿ ಹೋಗಿ, ಅವನ ಅಪ್ಪಣೆಯಂತೆ ಹಿಸ್ಪಾನಿಯೋಲದ ತೈನೊ ಜನರ ನಡುವೆ ಇದ್ದ ರಮೋನ್ ಪಾನೆ ಎಂಬ ಸನ್ಯಾಸಿ, ಅವರ ದೈವಗಳ ಬಗ್ಗೆ ಬರೆದಿಟ್ಟ. ಅದರಲ್ಲಿ ಗುವಾಬನ್ಸೆಶ್ ಎಂಬ ಹೆಣ್ಣುದೈವ ಬರುತ್ತಾಳೆ. ಅವಳು ಮುನಿದರೆ ಗಾಳಿ ನೀರು ಎರಡೂ ಕದಲಿ, ಮನೆಗಳು ನೆಲಕಚ್ಚಿ, ಮರಗಳು ಬೇರುಸಹಿತ ಮಗುಚುತ್ತವೆ. ಅವಳೊಂದಿಗೆ ಇಬ್ಬರಿದ್ದಾರೆ: ಒಬ್ಬ ಮುಂದೆ ಹೋಗಿ ಡಂಗುರ ಸಾರುವವನು, ಇನ್ನೊಬ್ಬ ಕಣಿವೆಗಳಲ್ಲಿ ನೀರು ಕೂಡಿಹಾಕಿ ಒಮ್ಮೆಲೇ ಬಿಡುವವನು. ಮೊದಲು ಸೂಚನೆ, ಆಮೇಲೆ ಗಾಳಿ, ಕೊನೆಗೆ ನೆರೆ. ಚಂಡಮಾರುತ ಬರುವ ಕ್ರಮವೇ ಇದು. ಪೂರ್ವ ಕ್ಯೂಬಾದಲ್ಲಿ ದೊರೆತ ಕೆಲವು ಹಳೆಯ ಮಣ್ಣಿನ ಬಿಂಬಗಳಲ್ಲಿ ನಡುವೆ ಒಂದು ಮುಖ, ಎರಡು ಪಕ್ಕಕ್ಕೆ ಎದುರುಬದುರು ಬಾಗಿದ ಎರಡು ತೋಳುಗಳಿವೆ. ಇವು ಸುತ್ತುವ ಗಾಳಿಯ ಗುರುತೆಂದು ಕ್ಯೂಬಾದ ವಿದ್ವಾಂಸ ಫರ್ನಾಂಡೊ ಒರ್ತಿಸ್ 1947ರಲ್ಲಿ ವಾದಿಸಿದರು. ಬಿರುಗಾಳಿ ಸುತ್ತುತ್ತದೆಂದು ಅಮೆರಿಕದ ವಿಲಿಯಂ ರೆಡ್‌ಫೀಲ್ಡ್ ಪ್ರಬಂಧ ಬರೆದದ್ದು 1831ರಲ್ಲಿ; ಒರ್ತಿಸರ ಮಾತು ನಿಜವಾದರೆ ಆ ಜನಕ್ಕೆ ಅದು ಎಷ್ಟೋ ಮೊದಲೇ ತಿಳಿದಿತ್ತು. ಒರ್ತಿಸರ ವಾದವನ್ನು ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು. ನನಗಂತೂ ಅದು ಹಿಡಿಸಿದೆ.

ನಮ್ಮ ಬಂಗಾಳ ಕೊಲ್ಲಿಯಲ್ಲಿ ಏಳುವ ಇದೇ ಬಗೆಯ ಗಾಳಿಗೆ ‘ಸೈಕ್ಲೋನ್’ ಎಂಬ ಹೆಸರನ್ನು 1840ರ ದಶಕದಲ್ಲಿ ಕೋಲ್ಕತ್ತದಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಗ್ರೀಕ್ ಪದದಿಂದ ಕಟ್ಟಿದ. ಪಿಡಿಂಗ್ಟನ್ನನ ಹೆಸರನ್ನು ಮರೆಯದೆ ಬರೆಯುವ ನಾವು, ತೈನೊ ಜನರ ಹೆಸರು ಬರೆಯುವಲ್ಲಿ ಮಾತ್ರ ಹಿಂದೆ ಬೀಳುತ್ತೇವೆ. ರೋಗ ಮತ್ತು ಬಿಟ್ಟಿ ದುಡಿತದಿಂದ ಕೆಲವೇ ದಶಕಗಳಲ್ಲಿ ಆ ಜನರ ಸಂಖ್ಯೆ ಕುಸಿಯಿತು, ಮನೆಮಾತಾಗಿದ್ದ ಅವರ ಭಾಷೆ ನಿಂತುಹೋಯಿತು. ಈಗ ಅದು ಉಳಿದಿರುವುದೇ ಹೀಗೆ ಬಿಡಿಬಿಡಿ ಪದಗಳಲ್ಲಿ.

ಆ ಪದಗಳಲ್ಲೊಂದು ನಮ್ಮ ಮನೆಯಲ್ಲೇ ಇತ್ತು. ಚೌಕಿಪೇಟೆಯಲ್ಲಿ ನಮ್ಮ ತಂದೆಯವರ ಕಿರಾಣಿ ಅಂಗಡಿಯ ದಾಸ್ತಾನು ಪುಸ್ತಕ ನನ್ನ ಬಳಿ ಇನ್ನೂ ಇದೆ; ಕೆಂಪು ಬಟ್ಟೆಯ ರಟ್ಟು, ಅಂಚು ಇಲಿ ತಿಂದಿದೆ. ಅದರ ಒಂದು ಹಾಳೆಯಲ್ಲಿ ‘ಹರಿಕೆ ಕಂದೀಲು – 6’ ಎಂದು ಬರೆದಿದೆ. ಗಾಳಿಗೆ ಆರದ ಹರಿಕೇನ್ ಲಾಟೀನನ್ನು ಅಂಗಡಿಯಲ್ಲಿ ಕರೆಯುತ್ತಿದ್ದದ್ದೇ ಹಾಗೆ. ನಮ್ಮ ಅಜ್ಜಿಯಂತೂ ಅದನ್ನು ‘ಹರಕೆ ಕಂದೀಲು’ ಮಾಡಿಕೊಂಡು, ದುಗ್ಗಮ್ಮನ ಹಬ್ಬಕ್ಕೆ ಹರಕೆ ಹೊತ್ತವರು ಒಯ್ಯುವ ದೀಪವೆಂದೇ ನಂಬಿದ್ದರು. ನಗುವ ಹಾಗಿಲ್ಲ, ಇಂಗ್ಲಿಷಿನವರೂ ಈ ಪದವನ್ನು ಹತ್ತಾರು ಬಗೆಯಲ್ಲಿ ಬರೆದು, ಅವಸರಕ್ಕೆ ತಮ್ಮಲ್ಲಿರುವ ‘ಹರಿ’ ಎಂಬ ಪದದ ಕಡೆಗೆ ಅದನ್ನು ಎಳೆದುಕೊಂಡವರೇ. ಅಜ್ಜಿ ಮಾಡಿದ್ದೂ ಅದನ್ನೇ.

ಇದರಿಂದ ದಾವಣಗೆರೆಯವರಿಗೆ ಆಗಬೇಕಾದ್ದೇನು ಎಂದು ಯಾರಾದರೂ ಕೇಳಬಹುದು. ಚನ್ನಗಿರಿಯ ತೋಟಗಾರರನ್ನು ಕೇಳಿ ಎನ್ನುತ್ತೇನೆ. ಅಡಿಕೆ ಮರಕ್ಕೆ ಲಿನ್ನೇಯಸ್ 1753ರಲ್ಲಿ ಕೊಟ್ಟ ಶಾಸ್ತ್ರೀಯ ಹೆಸರಿನ ಮೊದಲರ್ಧವಾದ ‘ಅರೆಕ’ ಇಂಗ್ಲಿಷಿಗೆ ಬಂದದ್ದು ಪೋರ್ಚುಗೀಸರ ಮೂಲಕ. ಪೋರ್ಚುಗೀಸರು ಅದನ್ನು ಮಲಯಾಳದ ‘ಅಡಕ್ಕ’ದಿಂದ ಕಲಿತರು, ಅದು ನಮ್ಮ ‘ಅಡಿಕೆ’ಯ ಒಡಹುಟ್ಟು. ನಾಳೆ ಯಾರೋ ‘ಅರೆಕ’ ಪೋರ್ಚುಗೀಸ್ ಪದವೆಂದು ಬರೆದರೆ, ಚಪ್ಪರದ ಕೆಳಗೆ ಕೂತು ಅಡಿಕೆ ಸುಲಿಯುವ ಹೆಣ್ಣುಮಕ್ಕಳೂ ಒಪ್ಪಲಾರರು. ಹುಬ್ಬಳ್ಳಿ ಧಾರವಾಡದ ಕಡೆಯವರು ಆಲೂಗಡ್ಡೆಗೆ ಅನ್ನುವ ‘ಬಟಾಟೆ’ಯೂ ಹೀಗೆಯೇ: ಪೋರ್ಚುಗೀಸರು ತಂದದ್ದು, ತೈನೊ ಜನ ಗೆಣಸಿಗೆ ಇಟ್ಟ ಹೆಸರು.

ಇಂಗ್ಲಿಷಿನ ‘ಮೇಜ್’ ಕೂಡ ಆ ಜನರದೇ; ಅವರು ‘ಮಹೀಸ್’ ಎಂದು ಕರೆದದ್ದು ನಮ್ಮ ಮೆಕ್ಕೆಜೋಳವನ್ನು. ಕೊಲ್ಲಿಯಲ್ಲಿ ವಾಯುಭಾರ ಕುಸಿದು ಇಲ್ಲಿ ಜಡಿಮಳೆ ಹಿಡಿದಾಗ, ನಮ್ಮೂರ ಎಪಿಎಂಸಿ ಅಂಗಳದಲ್ಲಿ ಹಮಾಲರು ರಾಶಿಯ ಮೇಲೆ ತಾಡಪಾಲು ಎಳೆದು, ಅಂಚಿಗೆ ಕಲ್ಲು ಹೇರಿ, ಒಳಗೆ ನೀರಿಳಿದ ಕಾಳನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮುಗ್ಗಲು ವಾಸನೆ ಬಂದರೆ ಆ ರಾಶಿಯ ದರ ಅಲ್ಲಿಗೇ ಇಳಿಯಿತು. ಕಾಳಿಗೂ ಗಾಳಿಗೂ ಹೆಸರು ಕೊಟ್ಟವರು ಒಂದೇ ಜನವೆಂಬುದು ಆ ಅಂಗಳದಲ್ಲಿ ನಿಂತಾಗಲೇ ನನಗೆ ಹೊಳೆದದ್ದು.

ತಮ್ಮ ಬರಹಗಾರರಲ್ಲಿ ತಪ್ಪು ಹುಡುಕಲು ಈ ಪತ್ರ ಬರೆದದ್ದಲ್ಲ. ನಿಘಂಟಿನ ಮೊದಲ ಸಾಲಿಗೇ ನಿಂತರೆ ಯಾರಿಗಾದರೂ ಹೀಗೇ ಆಗುತ್ತದೆ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುವುದಾದರೆ ಹೆಚ್ಚು ಜಾಗವೂ ಬೇಕಿಲ್ಲ. ‘ಸ್ಪ್ಯಾನಿಷ್ ಮೂಲಕ ಬಂದ ತೈನೊ ಪದ’ ಎಂಬ ಐದು ಪದ ಸಾಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ದಾವಣಗೆರೆ