ರಾತ್ರಿ ಕರೆಂಟ್ ತೆಗೆಯುವ ಮುನ್ನ: ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ ನಮಸ್ಕಾರ.

ದುರಸ್ತಿಗೆ ಕರೆಂಟ್ ತೆಗೆಯಲೇಬೇಕಾದರೆ ರಾತ್ರಿ ಹೊತ್ತು ತೆಗೆಯುವುದು ವಾಸಿ ಅನ್ನುವುದು ನಿಮ್ಮ ಇಲಾಖೆಯ ಹಳೆಯ ಲೆಕ್ಕ. ಅಂಗಡಿ ಮುಚ್ಚಿರುತ್ತದೆ, ಆಫೀಸು ಖಾಲಿ, ಜನ ಮಲಗಿರುತ್ತಾರೆ. ಯಾರಿಗೂ ಗೊತ್ತೇ ಆಗುವುದಿಲ್ಲ. ಈ ಲೆಕ್ಕದಿಂದ ಬಿಟ್ಟುಹೋದವರಲ್ಲಿ ನಾನೂ ಒಬ್ಬ. ನಮಗೆ ಕರೆಂಟ್ ಬೇಕಾಗುವುದೇ ಮಲಗಿದಾಗ. ಹಗಲೆಲ್ಲ ಇಲ್ಲದಿದ್ದರೂ ಹೇಗೋ ಸುಧಾರಿಸಿಕೊಳ್ಳುತ್ತೇವೆ.

ನನಗೆ ಸ್ಲೀಪ್ ಆಪ್ನಿಯಾ ಇದೆ. ನಿದ್ದೆ ಹತ್ತಿದ ಮೇಲೆ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿಯೇ ಮುಚ್ಚಿಕೊಳ್ಳುತ್ತದೆ. ಹೀಗೆ ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಡಾಕ್ಟರು ಅದನ್ನು ಒಂದು ಸಲ ಅಂತ ಎಣಿಸುತ್ತಾರೆ. ದಾರಿ ಅರ್ಧ ಮುಚ್ಚಿ ಗಾಳಿ ಕಮ್ಮಿಯಾದದ್ದನ್ನೂ ಸೇರಿಸಿ ಗಂಟೆಗೆ 5ರಿಂದ 15 ಸಲ ಆದರೆ ಸೌಮ್ಯ, 30 ದಾಟಿದರೆ ತೀವ್ರ. ಅಂದರೆ ಎರಡು ನಿಮಿಷಕ್ಕೊಂದು ಸಲ, ಇಡೀ ರಾತ್ರಿ. ಪ್ರತಿ ಸಲ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಬಿದ್ದು ಅರೆಬರೆ ಎಬ್ಬಿಸುತ್ತದೆ, ಬಿಪಿ ಏರುತ್ತದೆ. ಬೆಳಗ್ಗೆ ನಮಗೆ ಇದ್ಯಾವುದೂ ನೆನಪಿರುವುದಿಲ್ಲ. ಪಕ್ಕದಲ್ಲಿ ಮಲಗಿದವರನ್ನು ಕೇಳಿ, ಅವರಿಗೆ ಎಲ್ಲ ನೆನಪಿರುತ್ತದೆ!

ಇದಕ್ಕಿರುವ ಮುಖ್ಯ ಚಿಕಿತ್ಸೆ ಸಿಪ್ಯಾಪ್ ಮಷೀನ್. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಮತ್ತು ಅವರ ಜೊತೆಯವರು 1981ರಲ್ಲಿ ಇದರ ಬಗ್ಗೆ ಮೊದಲ ವರದಿ ಪ್ರಕಟಿಸಿದರು. ಕೆಲಸ ಮಾಡುವ ರೀತಿ ತುಂಬಾ ಸರಳ. ಡಬ್ಬಿಯೊಳಗಿನ ಪುಟ್ಟ ಫ್ಯಾನ್ ಮಾಸ್ಕಿನ ಮೂಲಕ ಗಾಳಿಯನ್ನು ಒತ್ತಿ ಕಳಿಸುತ್ತದೆ. ಆ ಒತ್ತಡವೇ ಗಂಟಲನ್ನು ತೆರೆದಿಡುತ್ತದೆ. ಔಷಧಿ ಇಲ್ಲ, ಆಮ್ಲಜನಕದ ಸಿಲಿಂಡರ್ ಇಲ್ಲ, ಕೋಣೆಯಲ್ಲಿರುವ ಮಾಮೂಲಿ ಗಾಳಿ ಅಷ್ಟೇ. ಮಾತ್ರೆಯಾದರೆ ನುಂಗಿದ ಮೇಲೆ ಕೆಲವು ಗಂಟೆ ಮೈಯಲ್ಲಿ ಉಳಿಯುತ್ತದೆ. ಇದು ಹಾಗಲ್ಲ. ಫ್ಯಾನ್ ನಿಂತರೆ ಚಿಕಿತ್ಸೆಯೂ ಅಲ್ಲಿಗೆ ನಿಂತಿತು.

ನಿಂತಾಗ ಏನಾಗುತ್ತದೆ ಅಂತ ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಬಿಟ್ಟ ಉಸಿರು ಹೊರಗೆ ಹೋಗಲು ಮಾಸ್ಕಿನಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಅವು ಸರಿಯಾಗಿ ಕೆಲಸ ಮಾಡಲು ಒಳಗಿನಿಂದ ಗಾಳಿ ಬರುತ್ತಲೇ ಇರಬೇಕು. ಕರೆಂಟ್ ಹೋದಾಗ ಬಿಟ್ಟ ಗಾಳಿಯೇ ಕೊಳವೆಯಲ್ಲಿ ಉಳಿದು, ಅದನ್ನೇ ಮತ್ತೆ ಎಳೆದುಕೊಳ್ಳುವ ಹಾಗಾಗುತ್ತದೆ. ಮೂಗು ಬಾಯಿ ಎರಡೂ ಮುಚ್ಚುವ ಮಾಸ್ಕಿನಲ್ಲಿ ಇದಕ್ಕೆಂದೇ ಒಂದು ವಾಲ್ವ್ ಇರುತ್ತದೆ. ಒತ್ತಡ ಇಳಿದ ಕೂಡಲೇ ಅದು ತೆರೆದುಕೊಂಡು ಹೊರಗಿನ ಗಾಳಿ ಬಿಡುತ್ತದೆ. ಹಾಗಾಗಿ ಮಾಸ್ಕೇ ಉಸಿರು ಕಟ್ಟಿಸಿಬಿಡುತ್ತದೆ ಅನ್ನುವ ಭಯ ಬೇಡ. ಆದರೆ ವಾಲ್ವ್ ಗಂಟಲನ್ನು ತೆರೆಯುವುದಿಲ್ಲ ಅಲ್ವಾ? ಒಬ್ಬೊಬ್ಬರು ಮುಖ ಬೆವರಿ, ಎದೆ ಹೊಡೆದುಕೊಂಡು ಎದ್ದು ಮಾಸ್ಕ್ ಕಿತ್ತು ಹಾಕುತ್ತಾರೆ. ಇನ್ನು ಕೆಲವರು ಏಳುವುದೇ ಇಲ್ಲ, ಗೊರಕೆ, ಮೌನ, ಏದುಸಿರು, ಮತ್ತೆ ಗೊರಕೆ, ಹೀಗೆ ಬೆಳಗಿನವರೆಗೆ. ಮನೆಯಲ್ಲಿ ಬಳಸುವ ಎಷ್ಟೋ ಮಷೀನುಗಳಲ್ಲಿ ಕರೆಂಟ್ ಹೋಯಿತು ಅಂತ ಕೂಗಿ ಹೇಳುವ ಅಲಾರಂ ಕೂಡ ಇಲ್ಲ.

ಒಂದು ರಾತ್ರಿ ಮಷೀನ್ ನಿಂತರೆ ನಾವೆಲ್ಲ ಸತ್ತೇ ಹೋಗುತ್ತೇವೆ ಅಂತ ಹೆದರಿಸಲು ಬರೆಯುತ್ತಿಲ್ಲ. ಹೆಚ್ಚಿನವರಿಗೆ ಹಾಗೇನೂ ಆಗುವುದಿಲ್ಲ. ಆದರೆ ಮಷೀನ್ ಇಲ್ಲದ ದಿನಗಳಲ್ಲಿ ಕಾಯಿಲೆ ಬೇಗನೆ ಹಳೆಯ ಮಟ್ಟಕ್ಕೆ ಬರುತ್ತದೆ. ಆ ರಾತ್ರಿ ಕಳೆದವರು ಬೆಳಗ್ಗೆ ಸ್ಟಿಯರಿಂಗ್ ಹಿಡಿಯುತ್ತಾರೆ. ನಿಮ್ಮದೇ ಇಲಾಖೆಯ ಕಂಬವನ್ನೂ ಹತ್ತುತ್ತಾರೆ. ಚಿಕಿತ್ಸೆ ಇಲ್ಲದ ಸ್ಲೀಪ್ ಆಪ್ನಿಯಾ ಇರುವ ಚಾಲಕರಲ್ಲಿ ಅಪಘಾತದ ಸಂಭವ ಜಾಸ್ತಿ ಅನ್ನುವುದು ಮೊದಲಿನಿಂದಲೂ ಗೊತ್ತಿರುವ ಮಾತು. ಇನ್ನು ಸ್ನಾಯು ದುರ್ಬಲವಾಗಿ ಉಸಿರಾಟಕ್ಕೇ ಬೈಪ್ಯಾಪ್ (ಉಸಿರು ಎಳೆಯುವಾಗ ಹೆಚ್ಚು, ಬಿಡುವಾಗ ಕಮ್ಮಿ ಒತ್ತಡ ಕೊಡುವ ಮಷೀನ್) ನೆಚ್ಚಿಕೊಂಡವರ ಕಥೆ ಬೇರೆ. ಅವರಿಗೆ ಒಂದು ಗಂಟೆಯೂ ದೊಡ್ಡದೇ.

ಈಗ ಬ್ಯಾಟರಿ ವಿಷಯ. ಕರೆಂಟಿನ ಲೆಕ್ಕ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಇದೊಂದು ಲೆಕ್ಕ ನೋಡಿ. ಬಿಸಿ ಆವಿ ಕೊಡುವ ಹ್ಯುಮಿಡಿಫೈಯರ್ ಆರಿಸಿಟ್ಟರೆ, ಮಧ್ಯಮ ಒತ್ತಡದಲ್ಲಿ ಈ ಮಷೀನುಗಳು ಸುಮಾರು 10 ವ್ಯಾಟ್ ಆಸುಪಾಸಿನಲ್ಲೇ ಓಡುತ್ತವೆ. ರಾತ್ರಿಯ 8 ಗಂಟೆಗೆ 80 ವ್ಯಾಟ್ ಅವರ್. ಒಂದು ಯೂನಿಟ್ ಅಂದರೆ 1000 ವ್ಯಾಟ್ ಅವರ್, ಅದರ ಹತ್ತನೇ ಒಂದು ಭಾಗವೂ ಆಗಲಿಲ್ಲ. ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್ ಮತ್ತು ಬಿಸಿ ಕೊಳವೆ ಹಾಕಿದಾಗ ಖರ್ಚು ನಾಲ್ಕೈದು ಪಟ್ಟು ಏರಬಹುದು. ಅದೇ 100 ವ್ಯಾಟ್ ಅವರ್ ಬ್ಯಾಟರಿ 10 ವ್ಯಾಟಿಗೆ ರಾತ್ರಿ ಪೂರ್ತಿ ಬರುತ್ತದೆ, 40 ವ್ಯಾಟಿಗೆ ಎರಡೂವರೆ ಗಂಟೆಗೆ ಕೈ ಎತ್ತುತ್ತದೆ. ಇಷ್ಟು ಸಣ್ಣ ಬೇಡಿಕೆ. ಸುಮ್ನೆ ತಂತಿಗಳಲ್ಲೇ ಸೋರಿಹೋಗುವ ಕರೆಂಟಿನ ಮುಂದೆ ಇದು ಯಾವ ಲೆಕ್ಕ ಹೇಳಿ.

ಹಾಗಿದ್ದರೆ ಒಂದು ಬ್ಯಾಟರಿ ಕೊಂಡುಕೊಳ್ಳಿ ಅನ್ನಬಹುದು. ಕೊಂಡಿದ್ದೇನೆ. ಕೊಳ್ಳುವಾಗ ಆದ ತಲೆನೋವೇ ಈ ಪತ್ರ ಬರೆಸುತ್ತಿದೆ.

ಮೊದಲನೆಯದಾಗಿ, ಬ್ಯಾಟರಿ ಡಬ್ಬಿಯ ಮೇಲಿನ ಅಂಕಿಗಳು. 20,000 ಮಿಲಿ ಆಂಪಿಯರ್ ಅವರ್ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ. ಗುಣಿಸಿ ನೋಡಿದರೆ 74 ವ್ಯಾಟ್ ಅವರ್. ವೋಲ್ಟೇಜ್ ಏರಿಸುವಾಗ ಆಗುವ ನಷ್ಟ ಕಳೆದರೆ ಇನ್ನೂ ಕಮ್ಮಿ. ಮಷೀನುಗಳು ಕೇಳುವುದು ಕೆಲವು 12 ವೋಲ್ಟ್, ಕೆಲವು 24 ವೋಲ್ಟ್. ಪಿನ್ನು ಒಂದೊಂದು ಕಂಪನಿಯದು ಒಂದೊಂದು ಥರ. ಸಾಮಾನ್ಯ ಜನರಿಗೆ ಇದು ಹೇಗೆ ಗೊತ್ತಾಗಬೇಕು?

ಎರಡನೆಯದು, ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ಗೋಡೆಯ ಕರೆಂಟಿನ ಹಾಗೆ ಮಾಡಿ, ಅದನ್ನು ಮತ್ತೆ ಅಡಾಪ್ಟರಿನಿಂದ ಡಿಸಿ (ಬ್ಯಾಟರಿಯಿಂದ ಬರುವಂಥ ನೇರ ಕರೆಂಟ್) ಮಾಡುವ ದಾರಿ. ಎರಡು ಸಲ ಬದಲಾಯಿಸುವಾಗ ಎರಡು ಸಲ ನಷ್ಟ. ಅಗ್ಗದ ಇನ್ವರ್ಟರಿನಿಂದ ಬರುವ ಕರೆಂಟಿನದು ಚೌಕಾಕಾರದ ಅಲೆ. ಅಡಾಪ್ಟರ್ ಬಿಸಿಯಾಗಿ ಗುಂಯ್ ಅನ್ನಬಹುದು. ಗೋಡೆಯ ಕರೆಂಟಿನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಆದರೆ ವಾಸಿ. ಎಲ್ಲಕ್ಕಿಂತ ಒಳ್ಳೆಯದು ಮಷೀನಿಗೆ ಹೊಂದುವ ಡಿಸಿ ಕೇಬಲ್ ಮೂಲಕ ನೇರವಾಗಿ ಕೊಡುವುದು. ಇದನ್ನು ಅಂಗಡಿಯವರು ಹೇಳುವುದು ಅಪರೂಪ.

ಮೂರನೆಯದು ನನ್ನನ್ನು ನಿಜಕ್ಕೂ ಕಾಡಿದ್ದು. ಈಗ ಸಿಗುವ, ಕೈಯಲ್ಲಿ ಎತ್ತಿಕೊಂಡು ಹೋಗುವ ಪವರ್ ಸ್ಟೇಷನ್‌ಗಳಲ್ಲಿ (ಪ್ಲಗ್ ಇರುವ ದೊಡ್ಡ ಬ್ಯಾಟರಿ ಡಬ್ಬಿಗಳಲ್ಲಿ) ಚಾರ್ಜ್ ಉಳಿಸಲು ಒಂದು ವ್ಯವಸ್ಥೆ ಇರುತ್ತದೆ. ಹೊರಗೆ ಹೋಗುವ ಕರೆಂಟ್ ತೀರಾ ಕಮ್ಮಿಯಾದರೆ ಯಾರೂ ಬಳಸುತ್ತಿಲ್ಲ ಅಂತ ತಿಳಿದು ಅದು ಸದ್ದಿಲ್ಲದೆ ಆಫ್ ಆಗುತ್ತದೆ. ಬ್ಯಾಟರಿ ಹೆಚ್ಚು ಹೊತ್ತು ಬರಲಿ ಅಂತ ನಾವು ಹ್ಯುಮಿಡಿಫೈಯರ್ ಆರಿಸುತ್ತೇವೆ. ಮಷೀನಿನ ಖರ್ಚು ಇಳಿಯುತ್ತದೆ. ಅಷ್ಟು ಸಾಕು, ನಡುರಾತ್ರಿ ಪವರ್ ಸ್ಟೇಷನ್ ಮಲಗಿಬಿಡುತ್ತದೆ! ಬ್ಯಾಟರಿ ತುಂಬಿಯೇ ಇರುತ್ತದೆ, ಮಷೀನ್ ನಿಂತಿರುತ್ತದೆ. ಇದನ್ನು ತಪ್ಪಿಸುವ ಬಟನ್ ಅಥವಾ ಸೆಟ್ಟಿಂಗ್ ಕೆಲವದರಲ್ಲಿ ಇದೆ, ಕೆಲವದರಲ್ಲಿ ಇಲ್ಲ. ಡಬ್ಬಿಯ ಮೇಲಂತೂ ಎಲ್ಲೂ ಬರೆದಿರುವುದಿಲ್ಲ. ಕಂಪ್ಯೂಟರಿನ ಯುಪಿಎಸ್ ತಂದಿಟ್ಟವರ ಪಾಡು ಇನ್ನೊಂದು. ಅದು ಬರುವುದು ನಿಮಿಷಗಳ ಲೆಕ್ಕದಲ್ಲಿ, ಅಷ್ಟು ಹೊತ್ತೂ ಕಿವಿಯ ಪಕ್ಕ ಬೀಪ್ ಬೀಪ್.

ಬ್ಯಾಟರಿಯ ಬಿಲ್ಲನ್ನು ವಿಮೆಯವರಿಗೆ ಕಳಿಸಿದಾಗ ಬಂದ ಉತ್ತರ ಒಂದೇ ಸಾಲು. ಬ್ಯಾಟರಿ ಚಿಕಿತ್ಸೆಗೆ ಅಗತ್ಯವಾದ ವಸ್ತುವಲ್ಲ, ಹೆಚ್ಚುವರಿ ಸೌಕರ್ಯ. ಮಷೀನಿಗೆ ದುಡ್ಡು ಕೊಡುತ್ತಾರೆ, ಅದು ಓಡುವುದಕ್ಕೆ ಕೊಡುವುದಿಲ್ಲ. ಈ ತರ್ಕ ಇವತ್ತಿಗೂ ನನ್ನ ತಲೆಗೆ ಹತ್ತಿಲ್ಲ.

ಬೇರೆ ಕಡೆ ಏನು ಮಾಡಿದ್ದಾರೆ ನೋಡಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಇಂಧನ ಚಿಲ್ಲರೆ ಮಾರಾಟ ನಿಯಮಗಳು ಅನ್ವಯವಾಗುವ ಕಡೆ, ಜೀವಾಧಾರ ಉಪಕರಣ ಇರುವ ಮನೆಗಳನ್ನು ಕರೆಂಟ್ ಕಂಪನಿಗಳು ನೋಂದಾಯಿಸಿಕೊಳ್ಳಲೇಬೇಕು. ಉಪಕರಣಗಳ ಪಟ್ಟಿಯಲ್ಲಿ ವೆಂಟಿಲೇಟರ್, ಡಯಾಲಿಸಿಸ್ ಮಷೀನ್, ಆಕ್ಸಿಜನ್ ಕಾನ್ಸಂಟ್ರೇಟರ್ ಜೊತೆಗೆ ಒತ್ತಡದ ಗಾಳಿ ಕೊಡುವ ಉಸಿರಾಟದ ಮಷೀನೂ ಇದೆ. ಮುಂಚೆಯೇ ಗೊತ್ತಿರುವ ಶಟ್‌ಡೌನ್ ಆದರೆ ಕನಿಷ್ಠ 4 ಕೆಲಸದ ದಿನ ಮೊದಲು ಆ ಮನೆಗೆ ಬರಹದಲ್ಲಿ ತಿಳಿಸಬೇಕು. ಬ್ರಿಟನ್ನಿನಲ್ಲಿ ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್ ಅಂತ, ಹೆಚ್ಚಿನ ನೆರವು ಬೇಕಾದ ಗ್ರಾಹಕರ ಪಟ್ಟಿ ಇದೆ, ಹೆಸರು ಬರೆಸಲು ದುಡ್ಡು ಕೊಡಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2019ರ ಅಕ್ಟೋಬರಿನಲ್ಲಿ ಕಾಡ್ಗಿಚ್ಚಿನ ಭಯಕ್ಕೆ ವಿದ್ಯುತ್ ಕಂಪನಿಯೇ ಬೇಕೆಂದೇ ಲಕ್ಷಾಂತರ ಗ್ರಾಹಕರ ಕರೆಂಟ್ ತೆಗೆಯಿತು. ಉಪಕರಣಗಳನ್ನು ನೆಚ್ಚಿಕೊಂಡವರು ಒದ್ದಾಡಿದರು. ಆಮೇಲೆ ಅಂಥ ಪ್ರದೇಶಗಳಲ್ಲಿ ಅರ್ಹ ರೋಗಿಗಳಿಗೆ ಕಂಪನಿ ತಾನೇ ಪೋರ್ಟಬಲ್ ಬ್ಯಾಟರಿ ಕೊಡಲು ಶುರುಮಾಡಿತು. ನೋಂದಣಿ, ಮುನ್ಸೂಚನೆ, ಬ್ಯಾಟರಿ, ಈ ಮೂರೂ ಒಂದಕ್ಕೊಂದು ಗಂಟುಬಿದ್ದಿರುವಂಥವು. ಯಾರ ಮನೆಯಲ್ಲಿ ಮಷೀನ್ ಇದೆ ಅಂತ ಗೊತ್ತಿಲ್ಲದೆ ಯಾರಿಗೆ ಹೇಳುತ್ತೀರಿ? ಹೇಳಿದರೂ ಬ್ಯಾಟರಿ ಇಲ್ಲದವರು ಏನು ಮಾಡಬೇಕು?

ಹಾಗಾಗಿ ನನ್ನ ಕೋರಿಕೆ ಇಷ್ಟು. ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆಯ ಪಕ್ಕ ಒಂದು ಗುರುತು ಹಾಕಿಸಿ, ಡಾಕ್ಟರ ಚೀಟಿ ತೋರಿಸಿದವರಿಗೆ. ರಾತ್ರಿ ಶಟ್‌ಡೌನ್ ಇದ್ದರೆ ಆ ಮನೆಗಳಿಗೆ ಹಗಲೇ ಫೋನೋ ಮೆಸೇಜೋ ಹೋಗಲಿ, ಬ್ಯಾಟರಿ ಚಾರ್ಜ್ ಮಾಡಿಕೊಳ್ಳುವಷ್ಟು ಹೊತ್ತು ಮೊದಲು. ಎಷ್ಟು ಹೊತ್ತಿಗೆ ಹೋಗುತ್ತದೆ ಅನ್ನುವುದರ ಜೊತೆಗೆ ಎಷ್ಟು ಹೊತ್ತಿಗೆ ಬರುತ್ತದೆ ಅಂತಲೂ ತಿಳಿಸಿ. ಎರಡು ಗಂಟೆಯಾದರೆ ಹ್ಯುಮಿಡಿಫೈಯರ್ ಹಾಕಿಕೊಂಡೇ ಮಲಗಬಹುದು, ಆರು ಗಂಟೆಯಾದರೆ ಆರಿಸಬೇಕು. ನಮ್ಮ ಇಡೀ ಯೋಜನೆ ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ.

ಬ್ಯಾಟರಿ ಕೊಳ್ಳಲಾಗದವರಿಗೆ ನಿಮ್ಮ ವಿಭಾಗೀಯ ಕಚೇರಿಗಳಲ್ಲಿ ಎರವಲು ಕೊಡುವ ವ್ಯವಸ್ಥೆ ಇರಲಿ. ಇದಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತರಿಸಿ. ತೂಕ ಸ್ವಲ್ಪ ಜಾಸ್ತಿ, ಆದರೆ ಸಾವಿರಾರು ಸಲ ಚಾರ್ಜ್ ಮಾಡಬಹುದು, ಹೊತ್ತಿಕೊಳ್ಳುವ ಅಪಾಯ ಬೇರೆ ಲಿಥಿಯಂ ಬ್ಯಾಟರಿಗಿಂತ ಕಮ್ಮಿ. ಕೈಯಲ್ಲಿ ಎತ್ತಿಕೊಂಡು ಹೋಗುವಂಥದ್ದೇ ಬೇಕು. ಪ್ರವಾಹ ಬಂದಾಗ ಜನ ಮನೆಯಲ್ಲಿರುವುದಿಲ್ಲ, ಪರಿಹಾರ ಕೇಂದ್ರದಲ್ಲಿರುತ್ತಾರೆ. ಗೋಡೆಗೆ ಕೂರಿಸಿದ ಇನ್ವರ್ಟರ್ ಅಲ್ಲಿಗೆ ಬರುವುದಿಲ್ಲ. ಒಂದು ಮಾತು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಬ್ಯಾಟರಿ ಹಂಚಿ ಫೋಟೊ ತೆಗೆಸಿಕೊಂಡರೆ ಆಗಲಿಲ್ಲ. ಗೋಡೌನಿನಲ್ಲಿ ತಿಂಗಳಾನುಗಟ್ಟಲೆ ಚಾರ್ಜಿಲ್ಲದೆ ಬಿದ್ದ ಬ್ಯಾಟರಿ ಬೇಕಾದ ರಾತ್ರಿಯೇ ಕೈಕೊಡುತ್ತದೆ. ಕೆಲವು ತಿಂಗಳಿಗೊಮ್ಮೆ ಚಾರ್ಜ್ ಪರೀಕ್ಷಿಸಿ ಪುಸ್ತಕದಲ್ಲಿ ಬರೆಯುವ ಒಬ್ಬ ನೌಕರರ ಹೆಸರು ಯೋಜನೆಯಲ್ಲೇ ಇರಬೇಕು.

ಉಳಿದದ್ದು ನಿಮ್ಮ ಕೈಯಲ್ಲಿ ಮಾತ್ರ ಇಲ್ಲ. ಆರೋಗ್ಯ ಸಚಿವರ ಕಿವಿಗೂ ಹಾಕಿ. ಬ್ಯಾಟರಿಯನ್ನು ಮಷೀನಿನ ಭಾಗ ಅಂತ ಒಪ್ಪಿಕೊಂಡರೆ ವಿಮೆ, ತೆರಿಗೆ ಎರಡೂ ತಾನಾಗಿ ಸರಿಹೋಗುತ್ತವೆ. ಮಾರುವವರು ವ್ಯಾಟ್ ಅವರ್, ಡಿಸಿ ವೋಲ್ಟೇಜ್, ಎಷ್ಟು ವ್ಯಾಟಿಗಿಂತ ಕಮ್ಮಿಯಾದರೆ ತಾನೇ ಆಫ್ ಆಗುತ್ತದೆ, ಈ ಮೂರನ್ನು ಡಬ್ಬಿಯ ಮೇಲೆ ಅಚ್ಚು ಹಾಕಲಿ. ಪಿನ್ನಿನ ವಿಷಯವೂ ಅಷ್ಟೇ. ಯುರೋಪಿಯನ್ ಒಕ್ಕೂಟ 2024ರ ಕೊನೆಯಿಂದ ಹೊಸ ಫೋನುಗಳಿಗೆಲ್ಲ ಯುಎಸ್‌ಬಿ-ಸಿ ಕಡ್ಡಾಯ ಮಾಡಿತು. ಫೋನಿಗೆ ಆದದ್ದು ಉಸಿರಿನ ಮಷೀನಿಗೆ ಯಾಕೆ ಆಗಬಾರದು? ವಿಮಾನಯಾನದವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ ಅನ್ನಿ. 100 ವ್ಯಾಟ್ ಅವರ್ ತನಕದ ಬ್ಯಾಟರಿ ಕೈಚೀಲದಲ್ಲಿ ಒಯ್ಯಬಹುದು, 160ರ ತನಕ ಅನುಮತಿ ಪಡೆದು ಒಯ್ಯಬಹುದು ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಸಿಪ್ಯಾಪ್‌ಗೆಂದೇ ಮಾಡಿದ ಎಷ್ಟೋ ಬ್ಯಾಟರಿಗಳು ನೂರಕ್ಕೆ ಸ್ವಲ್ಪ ಕಮ್ಮಿ ಇರುವುದು ಇದೇ ಕಾರಣಕ್ಕೆ. ನಿಯಮ ಸ್ಪಷ್ಟವಾಗಿದ್ದರೆ ಸಾಮಾನು ತಾನಾಗಿ ಅದಕ್ಕೆ ತಕ್ಕಂತೆ ತಯಾರಾಗುತ್ತದೆ.

ಇದಕ್ಕೆಲ್ಲ ಸಮಿತಿ, ವರದಿ, ಹೊಸ ಕಾಯಿದೆ ಅಂತ ಹೊರಟರೆ ವರ್ಷಗಳೇ ಬೇಕು. ಗುರುತು ಹಾಕುವುದಕ್ಕೆ, ಮೆಸೇಜ್ ಕಳಿಸುವುದಕ್ಕೆ ಅಷ್ಟೆಲ್ಲ ಬೇಡ, ನಿಮ್ಮದೊಂದು ಸುತ್ತೋಲೆ ಸಾಕು. ಅದರ ಕರಡು ತಯಾರಾಗುವಾಗ ಕರೆಸಿದರೆ ಮಷೀನ್, ಬ್ಯಾಟರಿ, ವ್ಯಾಟ್ ಮೀಟರ್ ಮೂರನ್ನೂ ತಂದು ನಿಮ್ಮ ಇಂಜಿನಿಯರುಗಳ ಮೇಜಿನ ಮೇಲಿಡುತ್ತೇನೆ. ಹ್ಯುಮಿಡಿಫೈಯರ್ ಹಾಕಿ ಒಂದು ಸಲ, ಆರಿಸಿ ಒಂದು ಸಲ ಅವರೇ ಅಳೆದು ನೋಡಲಿ.

ಉತ್ತರದ ನಿರೀಕ್ಷೆಯಲ್ಲಿ,
ಸಿಪ್ಯಾಪ್ ಬಳಸುವ ಒಬ್ಬ ವಿದ್ಯುತ್ ಗ್ರಾಹಕ