ಗಾಂಜಾ ಕೇಸು: 64ಎ ಕಲಂ ನೆನಪಿರಲಿ

ಮಾನ್ಯರೇ,

ಗಾಂಜಾ ಸೇದಿ ಸಿಕ್ಕಿಬಿದ್ದವನ ಮನೆಯವರು ಮೊದಲು ಓಡುವುದು ಜಾಮೀನಿಗೆ. ಮಾದಕವಸ್ತುಗಳ ನಿಯಂತ್ರಣಕ್ಕಿರುವ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ವಕೀಲರಿಗೂ ಎಷ್ಟೋ ಸಲ ನೆನಪಾಗುವುದಿಲ್ಲ. 27ನೇ ಕಲಮಿನ ಸೇವನೆಯ ಆರೋಪವೋ ಸಣ್ಣ ಪ್ರಮಾಣದ ಪ್ರಕರಣವೋ ಆಗಿದ್ದು (ಗಾಂಜಾ 1 ಕಿಲೋ, ಚರಸ್ 100 ಗ್ರಾಂ, ಹೆರಾಯಿನ್ 5 ಗ್ರಾಂವರೆಗೆ), ವ್ಯಸನಿ ತಾನಾಗಿಯೇ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ಉಂಟು.

ಎಡವುವುದು ಆಸ್ಪತ್ರೆಯ ಆಯ್ಕೆಯಲ್ಲಿ. ಅದು ಸರ್ಕಾರದ್ದೋ ಸ್ಥಳೀಯ ಸಂಸ್ಥೆಯದ್ದೋ, ಇಲ್ಲವೇ ಅವುಗಳ ಮಾನ್ಯತೆ ಪಡೆದದ್ದೋ ಆಗಿರಬೇಕು. ಬೋರ್ಡು ತೂಗುಹಾಕಿದ ಯಾವುದೋ ಕೇಂದ್ರದ ಚೀಟಿ ನಡೆಯದು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ವಿನಾಯಿತಿ ರದ್ದಾಗಬಹುದು. ಹಾಗಾಗಿ ದಾಖಲಾತಿ, ಬಿಡುಗಡೆ, ಮರುಭೇಟಿಯ ಚೀಟಿಗಳೆಲ್ಲ ಜೋಪಾನ.

ಅಪರಾಧ ಸಾಬೀತಾದ ಮೇಲೂ 39ನೇ ಕಲಮಿನಡಿ ನ್ಯಾಯಾಲಯವು ವ್ಯಸನಿಯ ಒಪ್ಪಿಗೆ ಪಡೆದು, ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಕಳಿಸಬಹುದು. ಫಲಿತಾಂಶದ ವರದಿ ಹೆಚ್ಚೆಂದರೆ 1 ವರ್ಷದೊಳಗೆ ಸಲ್ಲಬೇಕು.

– ಇಬ್ಬರು ವಕೀಲರು, ಧಾರವಾಡ