ಭಜನಾ ಮಂಗಲೋತ್ಸವದಲ್ಲಿ ಮಕ್ಕಳ ಸರದಿ ಕೊನೆಗೇಕೆ?

ಸಂಪಾದಕರಿಗೆ,

ಉಡುಪಿ ಆಸುಪಾಸಿನ ಭಜನಾ ಮಂಡಳಿಗಳು ಮಂಗಲೋತ್ಸವದ ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡುವ ಮೊದಲು ಒಂದು ವಿನಂತಿ. ಮಕ್ಕಳ ತಂಡದ ಗೌರವಾರ್ಪಣೆಯನ್ನು ಹೆಚ್ಚಿನ ಕಡೆ ಭಾಷಣಗಳೆಲ್ಲ ಮುಗಿದ ಮೇಲೆ ಇಡುತ್ತಾರೆ. ಅಷ್ಟು ಹೊತ್ತಿಗೆ ಸಣ್ಣವರು ಅಮ್ಮನ ಮಡಿಲಲ್ಲಿ ನಿದ್ದೆ. 30 ಹೆಸರು ಗಡಿಬಿಡಿಯಲ್ಲಿ ಓದಿ ಎಲ್ಲರಿಗೂ ಒಂದೇ ಬಗೆಯ ಸ್ಮರಣಿಕೆ ಹಂಚಿದರೆ, ಯಾವ ಮಗು ಏನು ಕಲಿತಿತೆಂದು ಊರಿಗೆ ತಿಳಿಯುವುದೇ ಇಲ್ಲ.

ಸ್ಪರ್ಧೆ ಇದಕ್ಕೆ ಮದ್ದಲ್ಲ. ಸ್ವರ ಒಳ್ಳೆಯದಿರುವ ಇಬ್ಬರಿಗೇ ವರ್ಷವರ್ಷವೂ ಬಹುಮಾನ ಹೋದರೆ ಉಳಿದವರು ಮೆಲ್ಲಗೆ ಬರುವುದು ಬಿಡುತ್ತಾರೆ. ಬದಲಿಗೆ ಮೆಟ್ಟಿಲು ಇಡಿ. ಪುಸ್ತಕ ನೋಡದೆ 5 ಕೀರ್ತನೆ ಹೇಳಿದರೆ ಮೊದಲನೆಯದು. 15 ಕೀರ್ತನೆ ಬಾಯಿಗೆ ಬಂದು, ಅಂಕಿತ (ಕೀರ್ತನೆಯ ಕೊನೆಯಲ್ಲಿ ಬರುವ, ಬರೆದ ದಾಸರ ಗುರುತಿನ ಹೆಸರು) ಕೇಳಿದ ಕೂಡಲೇ ಪುರಂದರವಿಠಲ ಯಾರದ್ದು, ಹಯವದನ ಯಾರದ್ದು, ಕಾಗಿನೆಲೆಯಾದಿಕೇಶವ ಯಾರದ್ದು ಎಂದು ಹೇಳಿದರೆ ಎರಡನೆಯದು. ಗಣಪತಿ ಸ್ತುತಿಯಿಂದ ಮಂಗಳದವರೆಗೆ ಒಂದು ಗಂಟೆ ತಾನೇ ಹೇಳಿಕೊಟ್ಟು ನಡೆಸಿದರೆ ಮೂರನೆಯದು. ಹಾಡಲು ಹಿಂಜರಿಯುವ ಮಗು ತಾಳ ಹಿಡಿದೋ, ವಾರವೂ ತಪ್ಪದೆ ಹೂ ಕಟ್ಟಿ ದೀಪಕ್ಕೆ ಎಣ್ಣೆ ಹಾಕಿಯೋ ಮಾಡಿದ ಸೇವೆಯೂ ಲೆಕ್ಕಕ್ಕೆ ಬರಲಿ.

ಪರೀಕ್ಷೆ ವೇದಿಕೆಯಲ್ಲಿ ಬೇಡ, ವಾರದ ಭಜನೆಯಲ್ಲೇ ಆಗಲಿ. ಕೇಳುವವರಲ್ಲಿ ಒಬ್ಬರು ಬೇರೆ ಮಂಡಳಿಯವರಾದರೆ ನಮ್ಮ ಮಗು, ಅವರ ಮಗು ಎಂಬ ಮಾತು ಬಾರದು. ಮುಖ್ಯವಾಗಿ ಎರಡು ಕಡೆ ಮಕ್ಕಳು ಎಡವುತ್ತಾರೆ. ಒಂದು, ಲಯ ಓಡುವುದು: ಕುಣಿತ ಭಜನೆಯ ಅಭ್ಯಾಸ ಇರುವವರಿಗೆ ಕಾಲು ಮುಂದೋಡಿ, ಕುಳಿತು ಹೇಳುವಾಗಲೂ ಕೈ ಅದೇ ವೇಗ ಹಿಡಿಯುತ್ತದೆ. ಹತ್ತಿರ ಕುಳಿತ ದೊಡ್ಡವರು ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕಿದರೆ ಸಾಕು, ಸರಿಹೋಗುತ್ತದೆ. ಇನ್ನೊಂದು, ಮೊಬೈಲ್ ಕೇಳಿ ಕಲಿತ ಹಾಡುಗಳಲ್ಲಿ ಪದ ನುಂಗುವುದು. ಮನೆಮಾತು ತುಳುವಾದವರಿಗೆ ಮಹಾಪ್ರಾಣವೂ ಜಾರುತ್ತದೆ. ಸಾಹಿತ್ಯವನ್ನು ಒಮ್ಮೆ ಕೈಯಲ್ಲಿ ಬರೆಸಿ, ಬಿಡಿಸಿ ಓದಿಸಿ, ಅರ್ಥ ಹೇಳಿ. ತಪ್ಪಿದ ಮಗುವನ್ನು ದಯವಿಟ್ಟು ಅನುತ್ತೀರ್ಣ ಎನ್ನಬೇಡಿ. ಎರಡು ವಾರ ಬಿಟ್ಟು ಪುನಃ ಕೇಳಿ.

ಗೌರವಾರ್ಪಣೆ ದೀಪ ಬೆಳಗಿದ ಕೂಡಲೇ, ಸಂಜೆ 7 ಗಂಟೆಯ ಒಳಗೆ ಆಗಲಿ. ಒಂದು ದಿನವಿಡೀ ಬಿಡದೆ ನಡೆಯುವ ಏಕಾಹ ಭಜನೆ ಇರುವಲ್ಲಿ ನಡುವೆ ನಿಲ್ಲಿಸಬಾರದಾದ್ದರಿಂದ, ಅದನ್ನು ಹಿಂದಿನ ವಾರದ ಭಜನೆಗೇ ಇಟ್ಟುಕೊಳ್ಳುವುದು ಒಳ್ಳೆಯದು. ಹೆಸರು, ಇನಿಶಿಯಲ್‌ಗಳನ್ನು ವಾರ ಮೊದಲೇ ತಂದೆತಾಯಿಗೆ ತೋರಿಸಿ. ಪ್ರಮಾಣಪತ್ರದಲ್ಲಿ 'ಉತ್ತಮ ಸಾಧನೆ' ಎಂಬ ಬದಲು '15 ಕೀರ್ತನೆ ಕಂಠಪಾಠ' ಎಂದೇ ಬರೆಯಿಸಿ. ಶಾಲು, ಹಾರ ಹಿರಿಯರಿಗಿರಲಿ. ಮಗುವಿನ ಕೈಗೆ ಒಂದು ಜೊತೆ ತಾಳ ಕೊಡಿ, ಕೊಡುವವರು ಕಲಿಸಿದವರೇ ಆಗಲಿ.

ಎಸ್‌ಎಸ್‌ಎಲ್‌ಸಿ ಮಕ್ಕಳದ್ದನ್ನು ಮಾತ್ರ ಡಿಸೆಂಬರ್ ಒಳಗೆ ಕೇಳಿ ಮುಗಿಸಿ. ಆಮೇಲೆ ಅವರಿಗೆ ಪುರುಸೊತ್ತಿರುವುದಿಲ್ಲ.

– ಮಕ್ಕಳ ಭಜನಾ ತರಬೇತುದಾರರು, ಉಡುಪಿ